ಯಾರ ಬಲವಂತವೂ ಇಲ್ಲದೆ

ನನ್ನ ತಂಗಿ ರೊವೀನಾ ನಮ್ಮ ಕೆಲ್ಟನ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ಓಹಾಯೋ ನದಿಯ ಈ ದಂಡೆಯಲ್ಲಿ ಈಗ ಇಪ್ಪತ್ತೈದು ದಾಟಿ ನಲವತ್ತರ ಒಳಗಿರುವ ಯಾರನ್ನಾದರೂ ಕೇಳಿ, ಅವಳ ಕೈಯ ಕೋಳಿ ನೂಡಲ್ಸ್ ತಿಂದೇ ಬೆಳೆದಿರುತ್ತಾರೆ. ತಟ್ಟೆ ಹಿಡಿದು ಸಾಲಿನಲ್ಲಿ ಬರುವ ಮಕ್ಕಳ ಮುಖ ನೋಡಿಯೇ, ಯಾರ ಮನೆಯಲ್ಲಿ ಬೆಳಗ್ಗೆ ಒಲೆ ಹೊತ್ತಿಲ್ಲವೆಂದು ಅವಳಿಗೆ ತಿಳಿಯುತ್ತಿತ್ತು. ಅಂಥವರ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು.

ಅವಳ ಗಂಡ ಹೋಬರ್ಟ್ ಟಾಕೆಟ್ ಕೌಂಟಿಯ ರಸ್ತೆ ಇಲಾಖೆಯಲ್ಲಿ ಮೇಸ್ತ್ರಿ. ಬೇಸಿಗೆಯಲ್ಲಿ ಡಾಂಬರು, ಚಳಿಗಾಲದಲ್ಲಿ ಹಿಮ ಬಾಚುವ ಲಾರಿ. ಭಾನುವಾರ ಚರ್ಚಿನಲ್ಲಿ ಹಿರಿಯರ ಸಾಲಿನಲ್ಲಿ ಕೂರುವವನು. ಸುಳ್ಳು ಹೇಳಲಾರದ ಮನುಷ್ಯ. ಹೊಗಳಲೆಂದು ಹೇಳುತ್ತಿಲ್ಲ, ಅದರಿಂದ ನಮಗೆಲ್ಲ ಸಾಕಷ್ಟು ತೊಂದರೆಯಾಗಿದೆ. ನನ್ನ ಮಗಳ ಮದುವೆಯ ದಿನ ಹೊಸ ಉಡುಪು ತೊಟ್ಟು, "ಹೇಗಿದೆ ಹೋಬರ್ಟ್?" ಎಂದು ಕೇಳಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಕಿಟಕಿ ಪರದೆ ಥರ ಇದೆ" ಎಂದಿದ್ದ.

ರೊವೀನಾಗೆ ನಲವತ್ತಾರು ತುಂಬಿದ ವರ್ಷ ಕೈಯಿಂದ ಸೌಟು ಜಾರಿ ಬೀಳತೊಡಗಿತು. ಆಮೇಲೆ ಎಡಗಾಲು ಎಳೆಯತೊಡಗಿತು. ಕೊಲಂಬಸ್‌ನ ಡಾಕ್ಟರು ಅದನ್ನು ಎಂ.ಎಸ್. ಎಂದರು, ನರಗಳ ಕಾಯಿಲೆ, ಗುಣವಾಗುವುದಲ್ಲ, ನಿಧಾನ ಮಾಡಬಹುದು ಅಷ್ಟೆ. ಎಂಟು ವರ್ಷದಲ್ಲಿ ಊರುಗೋಲು ಹೋಗಿ ಗಾಲಿಕುರ್ಚಿ ಬಂತು. ಕೊನೆಗೆ ಹಾಸಿಗೆಯಲ್ಲಿ ತಾನೇ ಮಗ್ಗುಲು ಬದಲಿಸುವುದೂ ಅವಳಿಂದ ಆಗದಾಯಿತು. ಅವರಿಗೆ ಮಕ್ಕಳಿಲ್ಲ. ಸ್ನಾನ, ಬಟ್ಟೆ, ಎತ್ತುವುದು, ಇಳಿಸುವುದು ಎಲ್ಲವೂ ಹೋಬರ್ಟ್‌ನದೇ. ಅವನು ಕೆಲಸಕ್ಕೆ ಹೋದಮೇಲೆ ಅವಳು ಒಬ್ಬಳೇ. ಅಂಚೆ ಕಚೇರಿಯ ಊಟದ ವಿರಾಮದಲ್ಲಿ ನಾನು ಓಡಿ ಬಂದು ತಿನ್ನಿಸಿ ಹೋಗುತ್ತಿದ್ದೆ.

ಹೋಬರ್ಟ್‌ನ ನೌಕರಿಯ ವಿಮೆ ಇತ್ತು. ಔಷಧಿಗೆ, ಡಾಕ್ಟರಿಗೆ, ಕಾಗದದ ಮೇಲೆ ಕಾಗದ ಬರೆಸಿಕೊಂಡು, ಹೇಗೋ ಕೊಡುತ್ತಿತ್ತು. ಮನೆಗೆ ಬಂದು ನೋಡಿಕೊಳ್ಳುವ ಆಳಿಗೆ ಮಾತ್ರ ಒಪ್ಪಲಿಲ್ಲ. ವಿಮೆಯವರಿಗೆ ಅವನು ಫೋನ್ ಮಾಡಿದ ದಿನ ನಾನು ಅಲ್ಲೇ ಇದ್ದೆ. ಸ್ಪೀಕರಿನಲ್ಲಿ ಕೇಳುತ್ತಿದ್ದ ಆ ಕಡೆಯ ಹುಡುಗಿಯ ದನಿ ಮೆತ್ತಗಿತ್ತು.

"ಅದು ಚಿಕಿತ್ಸೆ ಅಲ್ಲ ಸರ್, ಆರೈಕೆ. ಆರೈಕೆ ನಿಮ್ಮ ಪಾಲಿಸಿಯಲ್ಲಿ ಬರಲ್ಲ."

"ಎರಡಕ್ಕೂ ಏನಮ್ಮ ವ್ಯತ್ಯಾಸ?"

"ಚಿಕಿತ್ಸೆಯಿಂದ ಗುಣ ಆಗತ್ತೆ ಸರ್."

"ಅವಳಿಗೆ ಗುಣ ಆಗಲ್ಲ ಅಂತ ನಿಮ್ಮ ಡಾಕ್ಟರೇ ಬರೆದಿದಾರಲ್ಲ."

"ಅದಕ್ಕೇ ಸರ್."

ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ವಿಮೆ ಹೋಗುತ್ತದೆ, ವಿಮೆಯ ಜೊತೆ ಅವಳ ಔಷಧಿಯೂ ಹೋಗುತ್ತದೆ. ಕೆಲಸಕ್ಕೆ ಹೋದರೆ ಅವಳು ಒಂದೇ ಮಗ್ಗುಲಲ್ಲಿ ಬಿದ್ದಿರುತ್ತಾಳೆ. ಆ ಚಳಿಗಾಲ ಅವಳ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಯಿತು. ಅವನಿಗೆ ಎತ್ತಿ ಎತ್ತಿ ಸೊಂಟ ಹಿಡಿದುಹೋಯಿತು. ಫೆಬ್ರುವರಿಯ ಒಂದು ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಹಿಮದ ಲಾರಿಯನ್ನು ಹಳ್ಳಕ್ಕಿಳಿಸಿದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಬಡವರಿಗೆಂದು ರಾಜ್ಯ ಸರ್ಕಾರದ ಯೋಜನೆಯೊಂದಿದೆ. ಅದರಲ್ಲಿ ಆಳು ಕೊಡುತ್ತಾರೆಂದು ತಿಳಿದು ಅರ್ಜಿ ಹಾಕಿದೆವು. ಅಲ್ಲಿಂದ ಒಬ್ಬ ಹೆಂಗಸು ಮನೆಗೆ ಬಂದು ಎಲ್ಲ ನೋಡಿ ಬರೆದುಕೊಂಡಳು. ಗಂಡನ ಸಂಬಳ ಮಿತಿ ಮೀರುತ್ತದೆ, ಆಗುವುದಿಲ್ಲ ಎಂದಳು. ಎದ್ದವಳು ಬಾಗಿಲ ಬಳಿ ನಿಂತು, ಪೆನ್ನಿನ ಮುಚ್ಚಳ ಹಾಕುತ್ತ, ಕಿಟಕಿಯ ಕಡೆ ನೋಡಿಕೊಂಡು ಹೇಳಿದಳು:

"ಈ ಮಾತು ನಾನು ಹೇಳಿಲ್ಲ. ನೀವಿಬ್ರೂ ಗಂಡ ಹೆಂಡ್ತಿ ಆಗಿರದೇ ಇದ್ದಿದ್ರೆ, ಇವರಿಗೆ ಔಷಧಿಯೂ ಸರ್ಕಾರದಿಂದಲೇ ಸಿಗ್ತಿತ್ತು, ಮುಂದಿನ ತಿಂಗಳಿಂದಲೇ ದಿನಾ ಆರು ಗಂಟೆ ಹೊತ್ತು ಆಳೂ ಬರ್ತಿದ್ರು."

ಅವಳು ಹೋದಮೇಲೆ ಹೋಬರ್ಟ್ ಸೂಪ್ ಬಿಸಿ ಮಾಡಿ ತಂದು ರೊವೀನಾಳ ಎದುರು ಕೂತ.

"ಹೋಬಿ, ನನ್ನ ಬಿಟ್ಬಿಡು."

"ಸೂಪ್ ಕುಡಿ."

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ. ಆರ್ತಾ ಇದೆ, ಕುಡಿ."

"ಮೂವತ್ತು ವರ್ಷದಲ್ಲಿ ನಿನ್ನ ಬಿಡೋಕೆ ನನಗೆ ನೂರು ಕಾರಣ ಇತ್ತು. ನಿನ್ನ ಗೊರಕೆ ಒಂದೇ ಸಾಕಾಗಿತ್ತು. ಈಗ ಸರ್ಕಾರಾನೇ ಒಂದು ಕಾರಣ ಕೊಡ್ತಾ ಇದೆ, ಬೇಡ ಅಂತೀಯಲ್ಲ."

ಅವನು ಚಮಚ ಕೆಳಗಿಟ್ಟು ಎದ್ದು ಹೋದ. ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಸೌದೆ ಒಡೆಯುವ ಸದ್ದು ಬಂತು. ಸೊಂಟ ಹಿಡಿದಿದ್ದವನು ಕೊಡಲಿ ಎತ್ತಿದ್ದ. ರೊವೀನಾ ನನ್ನ ಕಡೆ ನೋಡಿ, "ಜನೀವಾ, ಹೋಗಿ ನಿಲ್ಸೇ ಅವನನ್ನ" ಎಂದಳು. ನಾನು ಹೋಗಲಿಲ್ಲ.

ಏಪ್ರಿಲ್‌ವರೆಗೂ ಅವನು ಜಪ್ಪಯ್ಯ ಅನ್ನಲಿಲ್ಲ. ಏಪ್ರಿಲ್‌ನ ಒಂದು ದಿನ ಅಂಚೆ ಕಚೇರಿಗೆ ಮೇಲಧಿಕಾರಿಗಳು ಬಂದು ಕೂತು, ನಾನು ಹೊರಡುವಾಗ ಎರಡು ಗಂಟೆ ದಾಟಿತ್ತು. ಬಾಗಿಲು ತೆಗೆದು ನೋಡಿದರೆ ಮಂಚಕ್ಕೂ ಗಾಲಿಕುರ್ಚಿಗೂ ನಡುವೆ ರೊವೀನಾ ನೆಲದ ಮೇಲೆ ಬಿದ್ದಿದ್ದಳು. ಹೋಬರ್ಟ್ ಕೂರಿಸಿ ಹೋಗಿದ್ದ ಕುರ್ಚಿಯಿಂದ ಬೆಳಗ್ಗೆ ಎಂಟಕ್ಕೇ ಜಾರಿ ಬಿದ್ದವಳು. ಬಟ್ಟೆಯೆಲ್ಲ ಒದ್ದೆಯಾಗಿತ್ತು. ನನ್ನನ್ನು ಕಂಡು, ಒಣಗಿದ ತುಟಿಯಲ್ಲೇ ಹೇಳಿದಳು: "ಮಂಚದ ಕೆಳಗೆ ಎಷ್ಟು ಧೂಳಿದೆ ಗೊತ್ತಾ? ಈ ಹೋಬಿಗೆ ಗುಡಿಸೋಕೆ ಬರಲ್ಲ."

ಅವಳನ್ನು ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಅವನಿಗೆ ಫೋನ್ ಮಾಡಿ, ಅವನು ಬರುವವರೆಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕೂತಿದ್ದೆ. ಬಂದವನು ಅವಳನ್ನು ಎತ್ತಿ, ತೊಳೆದು, ಬಟ್ಟೆ ಬದಲಿಸಿದ. ಸಂಜೆ ನಾನು ಹೊರಟಾಗ ಕಾರಿನವರೆಗೂ ಬಂದು, "ಜನೀವಾ, ಒಬ್ಬ ವಕೀಲರನ್ನ ನೋಡು" ಎಂದ.

ನಮ್ಮ ರಾಜ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ವಿಚ್ಛೇದನ ಕಷ್ಟವಲ್ಲ. ಒಪ್ಪಂದಕ್ಕೆ ಸಹಿ ಹಾಕಿ, ಒಂದು ತಿಂಗಳು ಕಾದು, ಕೋರ್ಟಿನಲ್ಲಿ ಪ್ರಮಾಣ ಮಾಡಿ ಎರಡು ಪ್ರಶ್ನೆಗೆ ಉತ್ತರ ಹೇಳಬೇಕು. ಕಾಯಿಲೆಗೆಂದು ಹೀಗೆ ಬಂದವರಲ್ಲಿ ನೀವೇ ಮೊದಲಿಗರಲ್ಲ ಎಂದು ವಕೀಲ ಹೇಳಿದ. ಹೋಬರ್ಟ್ ಒಂದೇ ಒಂದು ಕೇಳಿದ: "ಪ್ರಮಾಣ ಮಾಡಲೇಬೇಕಾ?"

"ಅದೊಂದು ವಾಡಿಕೆ ಅಷ್ಟೆ."

"ನನಗೆ ಅಲ್ಲ" ಎಂದ ಹೋಬರ್ಟ್.

ಜೂನ್‌ನಲ್ಲಿ ಕರೆ ಬಂತು. ರೊವೀನಾ ನೀಲಿ ಉಡುಪು ತೊಟ್ಟು, ನನ್ನಿಂದ ತುಟಿಗೆ ಬಣ್ಣ ಹಚ್ಚಿಸಿಕೊಂಡಳು. ನ್ಯಾಯಾಧೀಶೆ ಕಾಲ್ಡರ್ ನಮ್ಮೂರಿನವರೇ. ಅವರ ಇಬ್ಬರು ಗಂಡುಮಕ್ಕಳೂ ರೊವೀನಾಳ ಸಾಲಿನಲ್ಲಿ ತಟ್ಟೆ ಹಿಡಿದವರು. ಆದರೆ ಆ ದಿನ ಅವರು ಅಪರಿಚಿತರ ಹಾಗೆ ಕಾಗದ ಓದಿದರು. ಮೊದಲು ರೊವೀನಾ. ಕೇಳಿದ ಎರಡಕ್ಕೂ ಶಾಲೆಯ ಮಗುವಿನಂತೆ ಗಟ್ಟಿಯಾಗಿ ಹೌದು ಎಂದಳು. ಆಮೇಲೆ ಹೋಬರ್ಟ್ ಎದ್ದು ಬಲಗೈ ಎತ್ತಿದ.

"ಟಾಕೆಟ್ ಅವರೇ, ಯಾರ ಬಲವಂತವೂ ಇಲ್ಲದೆ, ನಿಮ್ಮ ಸ್ವಂತ ಇಚ್ಛೆಯಿಂದ ಈ ಒಪ್ಪಂದಕ್ಕೆ ಸಹಿ ಹಾಕಿದ್ದೀರಾ?"

ಅವನು ಯೋಚಿಸಿದ. ನನ್ನ ಉಡುಪು ನೋಡಿ ಯೋಚಿಸಿದ ಹಾಗೆಯೇ.

"ಇಲ್ಲ ಮೇಡಂ."

ವಕೀಲ ಅರ್ಧ ಎದ್ದ. ನ್ಯಾಯಾಧೀಶೆ ಕೈಸನ್ನೆಯಿಂದ ಅವನನ್ನು ಕೂರಿಸಿದರು. "ಬಲವಂತ ಮಾಡಿದವರು ಯಾರು? ನಿಮ್ಮ ಹೆಂಡತಿಯೇ?"

"ಅವಳಲ್ಲ."

"ಮತ್ತೆ ಯಾರು?"

ಹೋಬರ್ಟ್ ಹಿಂತಿರುಗಿ ಬಹುತೇಕ ಖಾಲಿಯಿದ್ದ ಬೆಂಚುಗಳನ್ನು ನೋಡಿದ. ಅಲ್ಲಿ ನಾನಿದ್ದೆ, ಇನ್ಯಾವುದೋ ಮೊಕದ್ದಮೆಗೆ ಬಂದಿದ್ದ ಒಬ್ಬ ಮುದುಕನಿದ್ದ.

"ಹೆಸರು ಹೇಳೋಕೆ ಆಗ್ತಿಲ್ಲ ಮೇಡಂ. ಒಬ್ಬರಾಗಿದ್ರೆ ಹೇಳ್ತಿದ್ದೆ."

ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. "ನೀವು ಹೀಗೆ ಹೇಳಿದರೆ ನಾನು ಈ ಅರ್ಜಿಗೆ ಸಹಿ ಹಾಕುವ ಹಾಗಿಲ್ಲ. ಅರ್ಥವಾಯಿತೇ?" ಎಂದರು. ಕಾಗದ ಮುಚ್ಚಿಟ್ಟು, "ಹದಿನೈದು ನಿಮಿಷ ವಿರಾಮ" ಎಂದು ಎದ್ದು ಒಳಗೆ ಹೋದರು.

ಹೊರಗಿನ ಪಡಸಾಲೆಯಲ್ಲಿ ರೊವೀನಾಗೆ ಸಿಟ್ಟು ಬಂದಿರುತ್ತದೆ ಎಂದುಕೊಂಡಿದ್ದೆ. ಬಂದಿರಲಿಲ್ಲ.

"ಹೋಬಿ, ಇಲ್ಲಿ ಬಗ್ಗು."

ಅವನು ಗಾಲಿಕುರ್ಚಿಯ ಮುಂದೆ ಮಂಡಿಯೂರಿದ.

"ಮೂವತ್ತು ವರ್ಷ ನಿನ್ನ ನಿಜದ ಜೊತೆ ಬಾಳಿದೀನಿ. ಸುಲಭ ಇರಲಿಲ್ಲ ಕಣೋ. ಈಗ ಒಂದೇ ಒಂದು ಸುಳ್ಳು ಕೇಳ್ತಿದೀನಿ."

"ಕೈ ಎತ್ತಿದೀನಿ ರೊವೀನಾ. ಪ್ರಮಾಣ ಮಾಡಿ ಹೇಗೆ ಹೇಳಲಿ?"

"ನೆಲದ ಮೇಲೆ ಬಿದ್ದಿದ್ದೆನಲ್ಲ, ಆವತ್ತು ನಾನು ಏನು ಯೋಚನೆ ಮಾಡ್ತಿದ್ದೆ ಗೊತ್ತಾ? ಜನೀವಾ ಇವತ್ತು ಬರದೇ ಇದ್ರೆ ಚೆನ್ನಾಗಿತ್ತು, ಇಲ್ಲಿಗೇ ಮುಗಿದುಹೋಗ್ಲಿ ಅಂತ. ಆರು ಗಂಟೆ ಅದೇ ಯೋಚನೆ. ನಾಳೆ ಮತ್ತೆ ಬಿದ್ರೆ ಮತ್ತೆ ಅದೇ ಯೋಚನೆ ಬರತ್ತೆ. ನನಗೆ ಬದುಕೋ ಆಸೆ ಇದೆ ಹೋಬಿ. ಆ ಆಸೆ ಹೋಗೋದಕ್ಕೆ ಮುಂಚೆ ಏನಾದರೂ ಮಾಡು."

ಈ ಮಾತನ್ನು ಅವಳು ನನಗೂ ಹೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಹೋಬರ್ಟ್ ಅವಳ ಮೊಣಕಾಲಿನ ಮೇಲೆ ಹಣೆಯಿಟ್ಟುಕೊಂಡಿದ್ದ. ಒಳಗಿಂದ ಕರೆ ಬಂದಾಗ, ಕುರ್ಚಿಯ ಕೈ ಹಿಡಿದು ಎದ್ದ.

ನ್ಯಾಯಾಧೀಶೆ ಅದೇ ಪ್ರಶ್ನೆಯನ್ನು ಮತ್ತೆ ಓದಿದರು.

"ಹೌದು" ಎಂದ.

"ಯಾರ ಬಲವಂತವೂ ಇಲ್ಲದೆ?"

"ಇಲ್ಲದೆ."

"ಈ ಮದುವೆ ಕೊನೆಯಾಗಬೇಕೆಂಬುದು ನಿಮ್ಮ ಬಯಕೆಯೇ?"

"ಹೌದು."

ಅವರು ತಲೆ ಎತ್ತದೆ ಸಹಿ ಮಾಡಿದರು.

ಯಾರೂ ಬೆರಳು ತೋರಿಸದಿರಲೆಂದು ಬೇರೆ ಬೇರೆ ಮನೆಯಲ್ಲಿರಿ ಎಂದು ವಕೀಲ ಹೇಳಿದ್ದ. ಹೋಬರ್ಟ್ ನನ್ನ ಗ್ಯಾರೇಜಿನ ಮೇಲಿನ ಕೋಣೆಗೆ ಬಂದ. ಬೆಳಗ್ಗೆ ಕೆಲಸಕ್ಕೆ ಮುಂಚೆ, ಸಂಜೆ ಕೆಲಸದ ಮೇಲೆ ನಡೆದುಕೊಂಡು ಅವಳ ಮನೆಗೆ ಹೋಗಿ ಬರುತ್ತಿದ್ದ. ಜುಲೈಯಿಂದ ಮಾರ್ವಾ ಎಂಬ ಹೆಂಗಸು ದಿನಾ ಬರತೊಡಗಿದಳು. ಗಟ್ಟಿ ಆಳು, ರೊವೀನಾಳನ್ನು ಮಗುವಿನ ಹಾಗೆ ಎತ್ತುತ್ತಿದ್ದಳು. ಮೂರು ತಿಂಗಳಲ್ಲಿ ಹುಣ್ಣು ಮಾಯಿತು. ಮುಖಕ್ಕೆ ಬಣ್ಣ ಬಂತು. ಜಗುಲಿಯಲ್ಲಿ ಕೂತು, ನೂಡಲ್ಸ್ ಹಿಟ್ಟು ಹೇಗೆ ನಾದಬೇಕೆಂದು ಮಾರ್ವಾಳಿಗೆ ಕೂಗಿ ಕೂಗಿ ಹೇಳಿಕೊಡುವಷ್ಟಾದಳು. ಇದನ್ನು ನಾನು ಹೇಳಲೇಬೇಕು: ಅವಳು ಇನ್ನೂ ನಾಲ್ಕು ವರ್ಷ ಚೆನ್ನಾಗಿ ಬಾಳಿದ್ದು ಆ ಸುಳ್ಳಿನಿಂದಲೇ.

ಹೋಬರ್ಟ್ ಮಾತ್ರ ಉಂಗುರ ತೆಗೆದಿಟ್ಟ. ಯಾರೂ ತೆಗೆ ಎಂದಿರಲಿಲ್ಲ. "ಕೋರ್ಟಿಗೆ ಒಂದು ಹೇಳಿ ಊರಿಗೆ ಇನ್ನೊಂದು ತೋರಿಸೋಕಾಗಲ್ಲ" ಎಂದ. ಚರ್ಚಿನಲ್ಲಿ ಹಿರಿಯರ ಸಾಲು ಬಿಟ್ಟು ಕೊನೆಯ ಬೆಂಚಿಗೆ ಹೋದ. ಪಾಸ್ಟರ್ ಮನೆಗೇ ಬಂದು, "ದೇವರಿಗೆ ಅರ್ಥ ಆಗತ್ತೆ ಹೋಬರ್ಟ್" ಎಂದರು.

"ಆಗತ್ತೆ ಪಾಸ್ಟರ್. ಆದ್ರೆ ಹೇಳಿದ್ದು ಹೇಳಿದ್ದೇ."

ಊರಿನಲ್ಲಿ ಎಲ್ಲರಿಗೂ ಒಳಗಿನ ಸಂಗತಿ ಗೊತ್ತಿರಲಿಲ್ಲ. ಅವನು ಒಂಟಿಯಾದನೆಂದು ವಿಧವೆಯೊಬ್ಬಳು ಸೇಬಿನ ಪೈ ಮಾಡಿ ತಂದುಕೊಟ್ಟಳು. ಅವನು ಅದನ್ನು ನೇರವಾಗಿ ರೊವೀನಾಳ ಮನೆಗೆ ಒಯ್ದ. ಅವಳು ಎರಡು ತುಂಡು ತಿಂದು, "ಸಕ್ಕರೆ ಜಾಸ್ತಿ ಆಗಿದೆ ಅಂತ ಹೇಳು ಅವಳಿಗೆ" ಎಂದಳು. ಅವನು ಹೇಳಿಯೂ ಬಂದ.

ಐದನೆಯ ಚಳಿಗಾಲ ರೊವೀನಾಗೆ ಎದೆಯಲ್ಲಿ ಕಫ ಕಟ್ಟಿತು. ಕೊಲಂಬಸ್‌ನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಅವಳ ಪರವಾಗಿ ನಿರ್ಧಾರ ಮಾಡುವ ಅಧಿಕಾರಪತ್ರವನ್ನು ವಕೀಲ ಮೊದಲೇ ಮಾಡಿಸಿದ್ದರಿಂದ ಹೋಬರ್ಟ್‌ನನ್ನು ಯಾರೂ ತಡೆಯಲಿಲ್ಲ. ಮೊದಲ ದಿನ ನರ್ಸ್ ಮಾತ್ರ ಕೇಳಿದಳು: "ನೀವು ಅವರಿಗೆ ಏನಾಗಬೇಕು?"

"ಗಂಡ" ಎಂದೆ ನಾನು.

"ಗಂಡ ಆಗಿದ್ದೆ" ಎಂದು ಅವನು ತಿದ್ದಿದ.

ರೊವೀನಾ ತೀರಿಹೋದಮೇಲೆ ಶವಸಂಸ್ಕಾರದವರು ಮರಣಪತ್ರದ ವಿವರ ಓದಿ ಹೇಳಿದರು. ಹುಟ್ಟಿದ ದಿನ, ತಂದೆಯ ಹೆಸರು, ಕಸುಬು. ವಿಚ್ಛೇದಿತೆ ಎಂಬ ಮಾತು ಬಂದಾಗ ಓದುತ್ತಿದ್ದವನು ತಡೆದು ಹೋಬರ್ಟ್‌ನ ಮುಖ ನೋಡಿದ. "ಸರಿಯಾಗಿದೆ, ಮುಂದೆ ಓದಿ" ಎಂದ ಹೋಬರ್ಟ್.

ಕೊನೆಯ ದರ್ಶನಕ್ಕೆ ಬಂದವರ ಸಾಲು ಬೀದಿಯವರೆಗೂ ಇತ್ತು. ಅದರಲ್ಲಿ ನ್ಯಾಯಾಧೀಶೆ ಕಾಲ್ಡರ್ ಕೂಡ ತಮ್ಮ ದೊಡ್ಡ ಮಗನ ಜೊತೆ ನಿಂತಿದ್ದರು. ಅವರ ಸರದಿ ಬಂದಾಗ ಹೋಬರ್ಟ್ ಕೈ ಕುಲುಕಿ, ದನಿ ತಗ್ಗಿಸದೆ ಹೇಳಿದ: "ಆವತ್ತು ನಾನು ನಿಮ್ಮ ಮುಂದೆ ಸುಳ್ಳು ಹೇಳಿದೆ ಮೇಡಂ."

"ಗೊತ್ತು ಟಾಕೆಟ್ ಅವರೇ. ಗೊತ್ತಿದ್ದೂ ಎರಡನೇ ಸಲ ಕೇಳಿದವಳು ನಾನು."

ಇಬ್ಬರೂ ಕೈ ಬಿಡದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಹಿಂದಿನ ಸಾಲು ಕಾಯಿತು.

ಮರುವರ್ಷದ ಬೇಸಿಗೆಯಲ್ಲಿ ಪಕ್ಕದ ಕೌಂಟಿಯಿಂದ ಒಬ್ಬಳು ಹೆಣ್ಣುಮಗಳು ಅವನನ್ನು ಹುಡುಕಿಕೊಂಡು ಬಂದಳು. ಮೂವತ್ತೈದು ಇರಬಹುದು. ಗಂಡನಿಗೆ ಸ್ನಾಯುಗಳು ಸೋಲುವ ಕಾಯಿಲೆ, ಅವಳಿಗೆ ಒಳ್ಳೆಯ ನೌಕರಿ. ಮುಂದಿನದನ್ನು ಅವಳು ವಿವರಿಸಬೇಕಾಗಲಿಲ್ಲ. ಹೋಬರ್ಟ್ ಗ್ಯಾರೇಜಿನ ಮೆಟ್ಟಿಲ ಮೇಲೆ ಕಾಫಿ ಕೊಟ್ಟು, ಯಾವ ಕಾಗದ, ಯಾವ ವಕೀಲ ಎಲ್ಲ ಹೇಳಿದ. ಕೊನೆಗೆ ಅವಳು ಕೇಳಿದಳು: "ಆಮೇಲೆ ಹೇಗಿರತ್ತೆ?"

ಅವನು ತುಂಬ ಹೊತ್ತು ಯೋಚಿಸಿದ. "ನಿನ್ನ ಗಂಡನಿಗೆ ಒಳ್ಳೇದಾಗತ್ತೆ. ನಿನಗೆ ಕಷ್ಟ ಆಗತ್ತೆ" ಎಂದ. ಅವಳು ಅಳತೊಡಗಿದಾಗ ತಲೆ ತಗ್ಗಿಸಿ ಕೂತ. ಆಮೇಲೆ, "ಕೋರ್ಟಿಗೆ ಹೋಗೋ ದಿನ ಫೋನ್ ಮಾಡು. ನಾನೂ ಬರ್ತೀನಿ" ಎಂದ.

ಆ ದಿನ ರಜೆ ಹಾಕಿ, ಟೈ ಕಟ್ಟಿಕೊಂಡು, ನಲವತ್ತು ಮೈಲಿ ಕಾರು ಓಡಿಸಿಕೊಂಡು ಹೋದ. ಅವಳು ಉತ್ತರ ಹೇಳಿ ಮುಗಿಸುವವರೆಗೆ ಅವಳ ಹಿಂದೆ ಕೂತಿದ್ದು ಬಂದ. ಅಲ್ಲಿಂದೀಚೆಗೆ ಇನ್ನೂ ಇಬ್ಬರ ಜೊತೆ ಹೋಗಿದ್ದಾನೆ.