ಖಾಸಿಂಸಾಬ ಪರದೆ ಹಿಡಿದದ್ದು

ಖಾಸಿಂಸಾಬನ ಮೇಲೆ ಮಗಳು ನಜಮಾ ಮುನಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ವರ್ಷಕ್ಕೊಮ್ಮೆ ಗ್ಯಾದರಿಂಗು ಎಂಬ ಶಾಲೆಯ ಹಬ್ಬ ಆಗುತ್ತಿತ್ತು, ನಜಮಾ ಪ್ರತಿ ವರ್ಷ ಕೋಲಾಟ ಆಡುತ್ತಿದ್ದಳು, ಬಾಗಲಕೋಟೆ ಮೋಟಾರಿನ ಡ್ರೈವರನಾದ ಈ ಅಪ್ಪ ಮಾತ್ರ ಅದೇ ಹೊತ್ತಿಗೆ ಕಮತಗಿಯ ಹತ್ತಿರ ಎಲ್ಲೋ ಪಂಚರಾದ ಗಾಲಿ ಬಿಚ್ಚುತ್ತ ಕೂತಿರುತ್ತಿದ್ದ. ಈ ಸಲ ನಜಮಾ ಏಳನೇ ಇಯತ್ತೆ. ಮುಂದೆ ಆ ಶಾಲೆಯೂ ಇಲ್ಲ, ಆ ಕೋಲಾಟವೂ ಇಲ್ಲ.

"ಅಬ್ಬಾ, ಈ ಸಲಾನೂ ನೋಡ್ಲಿಲ್ಲಂದ್ರ ನಿನ್ನ ಕೂಡ ಮಾತಾಡಂಗಿಲ್ಲ ನೋಡು," ಎಂದು ಹುಡುಗಿ ಕಡ್ಡಿ ಮುರಿದಂತೆ ಹೇಳಿದಳು.

"ನೋಡ್ತೇನಿ ಬೇಟಾ. ಖರೇನ ನೋಡ್ತೇನಿ."

ಆದರೆ ನೋಡುವುದು ಎಲ್ಲಿಂದ? ಹೆಣ್ಣುಮಕ್ಕಳ ಶಾಲೆ. ಮುಂದೆ ಹೆಂಗಸರು ಕೂಡುವುದು, ಗಂಡಸರೆಲ್ಲ ಹಿಂದೆ ಬೇವಿನ ಮರದಾಚೆ. ಅಲ್ಲಿಂದ ಮುಂದಿನವರ ರುಮಾಲು ಬಿಟ್ಟು ಮತ್ತೇನೂ ಕಾಣದು. ಕೆಲಸಕ್ಕೆ ನಿಂತ ಪಾಲಕರಿಗೆ ಮಾತ್ರ ರಂಗದ ಪಕ್ಕದಲ್ಲಿ ಜಾಗ. ಖಾಸಿಂಸಾಬ ತಾನೇನು ಕಡಿಮೆ ಜಾಣನೆ? ಗ್ಯಾದರಿಂಗಿನ ದಿನಕ್ಕೆ ರಜೆ ಹಾಕಿ, ಹೆಡ್ಮಾಸ್ತರ ಗುರುರಾಜರ ಮುಂದೆ ಹೋಗಿ ನಿಂತ.

"ಮಾಸ್ತರ್ರ, ಯಾವ ಕೆಲಸ ಇದ್ರೂ ಕೊಡ್ರಿ. ರಂಗದ ಹತ್ರ ಇದ್ರ ಸಾಕು."

ಗುರುರಾಜರು ಅವನ ತೋಳು ನೋಡಿದರು. "ಪಡದಿ ಹಿಡೀರಿ ಖಾಸಿಂಸಾಬ್ರ. ನಿಮ್ಮಂಥಾ ರಟ್ಟಿ ಯಾರಿಗದಾವ?"

ಖಾಸಿಂಸಾಬ ಹಿಗ್ಗಿ ಹೀರೇಕಾಯಿಯಾದ.

ಮಜಾ ಗೊತ್ತಾದದ್ದು ಗ್ಯಾದರಿಂಗಿನ ದಿನ. ಪರದೆ ಯಾವುದೋ ನಾಟಕದ ಕಂಪನಿಯಿಂದ ಕೇಳಿ ತಂದದ್ದು, ಎಮ್ಮೆಯಷ್ಟು ಭಾರ. ಹಗ್ಗ ಜಗ್ಗಿದರೆ ಮೇಲೆ, ಬಿಟ್ಟರೆ ದೊಪ್ಪನೆ ಕೆಳಗೆ. ಹಗ್ಗ ಕಟ್ಟಲೆಂದು ನೆಟ್ಟ ಗೂಟ ಮೊದಲ ಜಗ್ಗಿಗೇ ಕಿತ್ತು ಬಂತು. ಇನ್ನು ಆಟ ಮುಗಿಯುವ ತನಕ ಕೈಯಲ್ಲೇ ಹಿಡಿದು ನಿಲ್ಲಬೇಕು. ನಿಲ್ಲುವ ಜಾಗವಾದರೂ ಎಂಥದು? ಪಕ್ಕದ ತಟ್ಟಿಯ ಹಿಂದೆ. ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದದ್ದು ಆ ತಟ್ಟಿಯೊಂದೇ.

ಹಾಡು ಶುರುವಾಯಿತು, ಕೋಲುಗಳು ಟಕಟಕ ಎಂದವು. ಖಾಸಿಂಸಾಬ ಒಂದು ಹೆಜ್ಜೆ ಮುಂದಿಟ್ಟು ಇಣುಕಿದ. ಯಾರದೋ ಜಡೆಯೊಂದು ಕಂಡಿತು. ಅಷ್ಟರಲ್ಲಿ ಹಗ್ಗ ಸಡಿಲಾಗಿ ಪರದೆ ಹುಡುಗಿಯರ ಮೂಗಿನ ತನಕ ಇಳಿಯಿತು.

"ಲೇ ಪಡದಿಯವನ! ಮಕ್ಕಳ ಮಾರಿ ಕಾಣವಲ್ದು!" ಬೇವಿನ ಮರದ ಕಡೆಯಿಂದ ಕೂಗೆದ್ದಿತು.

ಸರಕ್ಕನೆ ಹಿಂದೆ ಸರಿದ, ಪರದೆ ಮೇಲೇರಿತು. ಆದರೆ ಅಪ್ಪನ ಜೀವ ಕೇಳಬೇಕಲ್ಲ! ಮತ್ತೆ ಇಣುಕಿದ. ಈ ಸಲ ಪರದೆ ಮೊಣಕಾಲಿಗೇ ಬಂತು. ಹೆಂಗಸರು ಗೊಳ್ಳೆಂದು ನಕ್ಕರು. ಆ ನಗೆಯ ನಡುವೆ ಹೆಂಡತಿ ರೋಷನಬಿಯ ದನಿ ಅವನಿಗೆ ಸ್ಪಷ್ಟವಾಗಿ ಕೇಳಿಸಿತು: "ಇದು ನಮ್ಮವರದ ಕೆಲಸ!"

ತಾನು ನೋಡಿದರೆ ಊರು ನೋಡುವಂತಿಲ್ಲ, ಊರು ನೋಡಬೇಕಾದರೆ ತಾನು ನೋಡುವಂತಿಲ್ಲ. ಥೂ, ಇದೆಂಥ ನಸೀಬು! ಅಷ್ಟು ದಿನ ಕುಣಿದು ಕಲಿತ ಮಗಳ ಆಟ ತನ್ನಿಂದಲೇ ಕೆಡಬೇಕೆ? ಖಾಸಿಂಸಾಬ ಹಲ್ಲು ಕಚ್ಚಿ ಹಿಂದೆ ಸರಿದು, ಹಗ್ಗವನ್ನು ಕೈಗೆ ಸುತ್ತಿಕೊಂಡು, ಶಾಲೆಯ ಗೋಡೆಗೆ ಬೆನ್ನು ಕೊಟ್ಟು ನಿಂತ. ಕೋಲಿನ ಸದ್ದು ಕೇಳಿದ, ಚಪ್ಪಾಳೆ ಕೇಳಿದ. ಸುಳ್ಳೇಕೆ, ಅವನಿಗೆ ಅಳುವೇ ಬಂದಿತ್ತು.

ಹಾಡು ಮುಗಿದು ಪರದೆ ಬಿದ್ದದ್ದೇ ತಡ, ಬೆವರಿದ ನಜಮಾ ಓಡಿ ಬಂದಳು. "ಅಬ್ಬಾ, ನೋಡಿದೇನು?"

ಹೂಂ ಎಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮುಖ ನೋಡಿ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಇಲ್ಲ ಬೇಟಾ. ಇಣುಕಿದ್ರ ಪಡದಿ ಇಳೀತಿತ್ತು. ಹಿಡಕೊಂಡು ನಿಂತಬಿಟ್ಟೆ."

ಹುಡುಗಿ ಅಪ್ಪನ ಅಂಗೈ ನೋಡಿದಳು. ಹಗ್ಗ ತಿಕ್ಕಿ ಕೆಂಪಾಗಿತ್ತು. ಸರಕ್ಕನೆ ಬೆನ್ನು ತಿರುಗಿಸಿದಳು. ಸಿಟ್ಟಿಗೆದ್ದಳು, ಮುಗೀತು ಕತೆ ಅಂದುಕೊಂಡ ಖಾಸಿಂಸಾಬ. ನಜಮಾ ಗೆಳತಿಯರನ್ನು ಕೂಗಿದಳು.

"ಏ, ನಿಲ್ರೇ! ಕೋಲು ಇಡಬ್ಯಾಡ್ರಿ. ನಮ್ಮ ಅಬ್ಬಾ ನೋಡಿಲ್ಲ."

ಅಪ್ಪನ ಕೈ ಹಿಡಿದೆಳೆದು ರಂಗದ ನಟ್ಟನಡುವೆ ಕೂಡಿಸಿದಳು. ಮುಚ್ಚಿದ ಪರದೆಯ ಹಿಂದೆ ಹುಡುಗಿಯರೆಲ್ಲ ಅವನ ಸುತ್ತ ಮತ್ತೆ ಸಾಲುಗಟ್ಟಿದರು, ಮತ್ತೆ ಹಾಡೆತ್ತಿದರು. ನಜಮಾ ಗಿರ್ರನೆ ತಿರುಗಿ, ಬಗ್ಗಿ, ಅಪ್ಪನ ತಲೆಯ ಮೇಲೆಯೇ ಕೋಲಿಗೆ ಕೋಲು ಕೊಟ್ಟಳು. ಖಾಸಿಂಸಾಬ ಬಾಯಿ ತೆರೆದು ನೋಡುತ್ತಿದ್ದ.

"ಒಳಗ ಏನ ನಡದೈತಿ? ಪಡದಿ ಎತ್ರಪಾ!" ಎಂದು ಹೊರಗೆ ಊರಿಗೂರೇ ಕೂಗಿತು.

"ಎತ್ತಂಗಿಲ್ಲ!" ಎಂದು ಖಾಸಿಂಸಾಬ ಒಳಗಿನಿಂದ ಗದರಿದ. "ಈಗ ನಾ ನೋಡಾಕತ್ತೇನಿ!"