ಹನ್ನೊಂದು ಗಂಟೆಗೆ ಕಂಡ ಎರಡನೇ ಗೆರೆ

ಶಂಕರಪುರದ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಮುನಿರತ್ನಮ್ಮನವರ ತರಕಾರಿ ಅಂಗಡಿ. ಅಂಗಡಿ ಎಂದರೆ ನಾಲ್ಕು ಗೋಣಿಚೀಲ, ಒಂದು ತಕ್ಕಡಿ, ಮೇಲೊಂದು ನೀಲಿ ತಾಡಪಾಲು. 2002ರ ದಸರಾ ಕಳೆದ ಮೇಲೆ ಐದು ದಿನದಿಂದ ಅಲ್ಲಿ ಅವರೊಬ್ಬರೇ ಕೂರುತ್ತಿದ್ದರು. ಪಕ್ಕದಲ್ಲಿ ಕೂತು ಸೊಪ್ಪಿನ ಕಂತೆ ಕಟ್ಟುತ್ತಿದ್ದ ಸೊಸೆ ಸಂಧ್ಯಾ ಕಾಣುತ್ತಿರಲಿಲ್ಲ.

ಶೈಲಜಮ್ಮ ಅದೇ ರಸ್ತೆಯವರು. ಬಸವನಗುಡಿಯ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೈದು ವರ್ಷದಿಂದ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ ಅವರದು. ಕೆಲಸಕ್ಕೆ ಹೋಗುವ ಮುಂಚೆ ಸೊಪ್ಪು ಕೊಳ್ಳುವುದು ಅಭ್ಯಾಸ.

"ಸೊಸೆ ಎಲ್ಲಿ ಮುನಿರತ್ನಮ್ಮ? ತೌರಿಗೆ ಹೋಗಿದಾಳಾ?"

ಮುನಿರತ್ನಮ್ಮ ಎರಡೂ ಕಡೆ ನೋಡಿ, ದಂಟಿನ ಸೊಪ್ಪು ಮುಂದಿಡುವ ನೆಪದಲ್ಲಿ ಬಗ್ಗಿದರು. "ಮನೇಲವ್ಳೆ ಅಮ್ಮಾವ್ರೆ. ಮಲಗ್ಸಿದೀನಿ. ಯಾರ್ಗೂ ಹೇಳ್ಬೇಡಿ, ಬಸುರಿ."

"ಒಳ್ಳೇ ಸುದ್ದಿನೇ ಅಲ್ವಾ? ಮಲಗ್ಸಿರೋದ್ಯಾಕೆ?"

"ಅವ್ಳಿಗೆ ನಿಲ್ತಾ ಇಲ್ಲ. ಯುಗಾದಿ ಹೊತ್ಗೆ ಒಂದಾಯ್ತು, ಎಂಟೇ ದಿನಕ್ಕೆ ಹೋಯ್ತು. ಆಷಾಢದಲ್ಲಿ ಇನ್ನೊಂದು, ಅದೂ ಹತ್ ದಿನಕ್ಕೆ ಹೋಯ್ತು. ಕೊತ್ತಂಬ್ರಿ ಮೂಟೆ ಎತ್ಬೇಡ, ಎತ್ಬೇಡ ಅಂತ ಬಡ್ಕೊಂಡೆ. ಕೇಳಿದ್ಳಾ? ಈ ಸಲ ಮೂರ್ ತಿಂಗ್ಳು ಮಂಚ ಬಿಟ್ ಇಳಿಯಂಗಿಲ್ಲ ಅಂದಿದೀನಿ."

"ಯಾವ ಡಾಕ್ಟ್ರಿಗೆ ತೋರಿಸ್ತಿದೀರಿ?"

"ಡಾಕ್ಟ್ರ್ಯಾಕೆ? ಮನೇಲೇ ಉಚ್ಚೆ ಪರೀಕ್ಷೆ ಕಾರ್ಡ್ ಹಾಕಿ ನೋಡಿದ್ವಿ. ಮೂರ್ ಸಲಾನೂ ಎರಡ್ ಗೆರೆ, ಬಸುರಿ ಅಂತ. ನಾನೇ ಕಣ್ಣಾರೆ ನೋಡಿದೀನಿ."

ಮೂರು ಸಲ ಗರ್ಭ, ಎರಡು ಸಲ ಹತ್ತು ದಿನದೊಳಗೆ ನಷ್ಟ. ಹಾಗೆ ಆಗುವುದೇ ಇಲ್ಲವೆಂದಲ್ಲ. ಆದರೆ ಯಾವ ಫಲಿತಾಂಶ ಕೈಗೆ ಬಂದರೂ ಅದನ್ನು ನಂಬುವ ಮುಂಚೆ ಪರೀಕ್ಷೆ ಹೇಗೆ ಮಾಡಿದರು ಎಂದು ಕೇಳುವುದು ಶೈಲಜಮ್ಮನ ವೃತ್ತಿಯ ಪಾಠ.

"ಸಾಯಂಕಾಲ ಬಂದು ನೋಡ್ಕೊಂಡ್ ಹೋಗ್ಲಾ?"

"ಬನ್ನಿ ಬನ್ನಿ. ಅವ್ಳಿಗೂ ಬೇಜಾರು. ಗೋಡೆ ನೋಡ್ಕೊಂಡ್ ಮಲಗಿರ್ತಾಳೆ."

ಮುನಿರತ್ನಮ್ಮನವರ ಮನೆ ಗವಿಪುರದಲ್ಲಿ. ಸಂಜೆ ಶೈಲಜಮ್ಮ ಹೋದಾಗ ಸಂಧ್ಯಾ ಒಳಕೋಣೆಯ ಮಂಚದ ಮೇಲಿದ್ದಳು. ಇಪ್ಪತ್ತಾರು ವರ್ಷ, ಮದುವೆಯಾಗಿ ನಾಲ್ಕು ವರ್ಷ. ಎದ್ದು ಕೂರಲು ಹೋದವಳು ಅತ್ತೆಯ ಮುಖ ನೋಡಿ ಮತ್ತೆ ದಿಂಬಿಗೆ ಒರಗಿದಳು.

"ಹೊಟ್ಟೆ ನೋವು, ರಕ್ತ ಹೋಗೋದು, ಏನಾದ್ರೂ ಇದ್ಯಾಮ್ಮ?" ಶೈಲಜಮ್ಮ ಮೊದಲು ಅದನ್ನೇ ಕೇಳಿದರು.

"ಏನೂ ಇಲ್ಲ ಆಂಟಿ. ಭಯ ಅಷ್ಟೇ. ಕೆಮ್ಮೋಕೂ ಭಯ." ಸಂಧ್ಯಾ ದನಿ ತಗ್ಗಿಸಿದಳು. "ಎರಡು ಕಳ್ಕೊಂಡೆ. ಇದೂ ಹೋದ್ರೆ ನನ್ನ ಮೈಯೇ ಸರಿಯಿಲ್ಲ ಅಂತ ಅಲ್ವಾ?"

ಶೈಲಜಮ್ಮ ಮಂಚದ ಅಂಚಿಗೆ ಕೂತರು. "ಕಾರ್ಡ್ ಹೇಗೆ ಹಾಕ್ದೆ, ಮೊದಲಿಂದ ಹೇಳು" ಎಂದರು.

ಸಂಧ್ಯಾ ಹೇಳಿದಳು. ಮುಟ್ಟು ನಾಲ್ಕೈದು ದಿನ ತಡವಾದಾಗ ಮೆಡಿಕಲ್ ಶಾಪಿನಿಂದ ಕಾರ್ಡು ತರುತ್ತಿದ್ದಳು. ಅವಳಿಗೆ ಮೊದಲಿಂದಲೂ ತಿಂಗಳು ಏರುಪೇರು. ಬೆಳಗಿನ ಮೊದಲನೇ ಮೂತ್ರ ಒಳ್ಳೆಯದೆಂದು ಕಾರ್ಡಿನ ಜೊತೆಗಿನ ಚೀಟಿಯಲ್ಲಿತ್ತು, ಹಾಗೇ ಮಾಡುತ್ತಿದ್ದಳು. ಆದರೆ ಅವಳ ಗಂಡ ಮುನಿಕೃಷ್ಣ ಮೂರೂವರೆಗೆಲ್ಲ ಕಲಾಸಿಪಾಳ್ಯದ ಮಂಡಿಗೆ ಹೊರಡುವವನು. ತರಕಾರಿ ಹಿಡಿದು, ಹೋಟೆಲುಗಳಿಗೆ ಹಾಕಿ ಮನೆಗೆ ಬರುವಾಗ ಹನ್ನೊಂದು ಗಂಟೆ. ಹೋದ ವರ್ಷ ಒಂದು ಸಲ ಸಂಧ್ಯಾ ಒಬ್ಬಳೇ ಕಾರ್ಡು ನೋಡಿದ್ದಳು. ಒಂದೇ ಗೆರೆ. ಅವನು ಬರುವವರೆಗೂ ಬಚ್ಚಲುಮನೆಯಲ್ಲಿ ಕೂತು ಅತ್ತಿದ್ದಳು.

"ಇನ್ಮೇಲೆ ಒಬ್ಳೇ ನೋಡ್ಬೇಡ, ಏನಿದ್ರೂ ಇಬ್ರೂ ಒಟ್ಟಿಗೆ ನೋಡೋಣ ಅಂದ್ರು ಆಂಟಿ. ಅದಕ್ಕೇ ಬೆಳಗ್ಗೆ ಐದಕ್ಕೆ ಹನಿ ಹಾಕಿ, ನೋಡ್ದೇನೇ ಸ್ಟೀಲ್ ಬಟ್ಲು ಮುಚ್ಚಿಡ್ತೀನಿ. ಅವ್ರು ಬಂದ್ಮೇಲೆ ತೆಗೀತೀವಿ."

"ಐದಕ್ಕೆ ಹಾಕಿದ್ದನ್ನ ಹನ್ನೊಂದಕ್ಕಾ?"

"ಐದು ನಿಮಿಷ ಕಾಯ್ಬೇಕು ಅಂತ ಚೀಟೀಲಿತ್ತು. ಜಾಸ್ತಿ ಕಾದ್ರೆ ಇನ್ನೂ ಒಳ್ಳೇದೇ ಅಂದ್ಕೊಂಡೆ."

ಇಬ್ಬರ ಪ್ರೀತಿಯಿಂದ ಆದ ತಪ್ಪು ಅದು. ಶೈಲಜಮ್ಮ ಕೈ ಚಾಚಿ, "ಆ ಕಾರ್ಡ್ ಇದ್ಯಾ?" ಎಂದರು.

ಸಂಧ್ಯಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೇ ಇಟ್ಟುಕೊಂಡಿದ್ದಳು. ಶೈಲಜಮ್ಮ ಕಿಟಕಿಯ ಬೆಳಕಿಗೆ ಹಿಡಿದರು. 'ಸಿ' ಅಕ್ಷರದ ಹತ್ತಿರದ ಗೆರೆ ದಪ್ಪಗೆ, ಗುಲಾಬಿ ಬಣ್ಣಕ್ಕಿತ್ತು. ಅದು ಕಾರ್ಡು ಕೆಲಸ ಮಾಡಿದೆ ಎಂದು ತೋರಿಸುವ ಗೆರೆ. ಗರ್ಭ ಇದೆಯೋ ಇಲ್ಲವೋ ಎಂದು ಹೇಳುವುದು 'ಟಿ' ಹತ್ತಿರದ್ದು. ಅಲ್ಲಿಯೂ ಗೆರೆ ಇತ್ತು, ಆದರೆ ಕೂದಲೆಳೆಯಷ್ಟು ತೆಳು, ಬಣ್ಣವಿಲ್ಲದ ಬೂದು ಗೆರೆ.

"ಇದರೊಳಗೆ ಒಂದು ಪಟ್ಟಿ ಇರುತ್ತಮ್ಮ. ಮೂತ್ರ ಅದರಲ್ಲಿ ಹರೀತಾ ಹೋಗುತ್ತೆ. ಗರ್ಭ ನಿಂತಾಗ ಬರೋ ಹಾರ್ಮೋನು ಇದ್ರೆ 'ಟಿ' ಹತ್ರ ಬಣ್ಣ ಕೂರುತ್ತೆ. ಅದೆಲ್ಲ ಐದು ನಿಮಿಷದ ಕೆಲಸ. ಆಮೇಲೆ ಪಟ್ಟಿ ಒಣಗುತ್ತೆ. ಬಿಳೀ ಪಂಚೆ ಮೇಲೆ ನೀರು ಚೆಲ್ಲಿ ಒಣಗಿದ್ರೆ ಅಂಚಲ್ಲಿ ಕಲೆ ಉಳಿಯಲ್ವಾ? ಹಾಗೇ ಇಲ್ಲೂ ಒಂದು ಕಲೆ ಉಳೀಬಹುದು. ನೋಡೋಕೆ ಗೆರೆ ಥರಾನೇ ಇರುತ್ತೆ."

ಬಾಗಿಲಲ್ಲಿ ನಿಂತಿದ್ದ ಮುನಿರತ್ನಮ್ಮನಿಗೆ ಮಾತು ಹಿಡಿಸಲಿಲ್ಲ. "ಅಂದ್ರೆ ನನ್ ಸೊಸೆ ಬಸುರಿ ಅಲ್ಲ ಅಂತೀರಾ?"

"ಹಾಗೂ ಹೇಳ್ತಿಲ್ಲ. ಹೊತ್ತು ಮೀರಿ ನೋಡಿದ ಕಾರ್ಡಿಂದ ಹೌದು ಅಂತಾನೂ ಹೇಳೋಕ್ಕಾಗಲ್ಲ, ಇಲ್ಲ ಅಂತಾನೂ ಹೇಳೋಕ್ಕಾಗಲ್ಲ. ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ."

"ಓಹೋ, ನಿಮ್ ಲ್ಯಾಬ್ಗೆ ಗಿರಾಕಿ ಕಮ್ಮಿ ಆದ್ರಾ?"

ಶೈಲಜಮ್ಮ ನಕ್ಕರು. "ನಮ್ ಲ್ಯಾಬ್ ಬೇಡ ಬಿಡಿ. ಹೆರಿಗೆ ಆಸ್ಪತ್ರೇಲಿ ಮಾಡ್ಸಿ."

"ಆಟೋ ಕುಲುಕಾಟಕ್ಕೆ ಹೋಗ್ಬಿಟ್ರೆ ನೀವ್ ಬಂದ್ ಕಟ್ಕೊಡ್ತೀರಾ? ಮಂಚ ಬಿಟ್ ಇಳಿಯಂಗಿಲ್ಲ ಅಂದ್ರೆ ಇಳಿಯಂಗಿಲ್ಲ. ಒಣಗಿದ್ರೆ ಗೆರೆ ಬರೋದಾದ್ರೆ ಊರೋರ್ಗೆಲ್ಲ ಬರ್ಬೇಕಲ್ಲ? ನಂಗೆ ಮುಟ್ಟು ನಿಂತು ಆರ್ ವರ್ಷ ಆಯ್ತು. ನನ್ ಉಚ್ಚೆ ಹಾಕಿದ್ರೂ ಬರುತ್ತಾ?"

"ಬರಬಹುದು, ಬರದೇನೂ ಇರಬಹುದು. ನಾಳೆ ಭಾನುವಾರ. ನನಗೂ ಐವತ್ನಾಲ್ಕು. ಎರಡು ಕಾರ್ಡ್ ತರ್ತೀನಿ. ನಿಮ್ಮದೂ ನೋಡೋಣ, ನನ್ನದೂ ನೋಡೋಣ."

ಮುನಿರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು "ಥೂ, ಈ ವಯಸ್ನಲ್ಲಿ!" ಎಂದರು. ಬೇಡ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಆರಕ್ಕೆ ಎರಡು ಕಾರ್ಡೂ ಕಪಾಟಿನ ಮೇಲಿದ್ದವು. ಶೈಲಜಮ್ಮ ಕೈಗಡಿಯಾರ ನೋಡುತ್ತಾ ನಿಂತರು. ಐದು ನಿಮಿಷಕ್ಕೆ ಮುನಿರತ್ನಮ್ಮನನ್ನು ಕರೆದು ತೋರಿಸಿ, ಮಂಚದ ಹತ್ತಿರ ಒಯ್ದು ಸಂಧ್ಯಾಳಿಗೂ ತೋರಿಸಿದರು. ಎರಡರಲ್ಲೂ ಒಂದೊಂದೇ ಗೆರೆ. ಅದನ್ನು ಒಂದು ಹಾಳೆಯಲ್ಲಿ ಹೊತ್ತಿನ ಸಮೇತ ಬರೆದಿಟ್ಟು, ಬಟ್ಟಲು ಮುಚ್ಚಿದರು. ಮುನಿರತ್ನಮ್ಮ ಅಂಗಡಿಗೆ ಹೋದರು, ಶೈಲಜಮ್ಮ ಮನೆಗೆ.

ಹನ್ನೊಂದಕ್ಕೆ ಎಲ್ಲರೂ ಮತ್ತೆ ಸೇರಿದರು. ಮಂಡಿಯಿಂದ ಬಂದ ಮುನಿಕೃಷ್ಣ, ಮೈಮೇಲಿನ ಎಲೆಕೋಸಿನ ಚೂರನ್ನೂ ಕೊಡವದೆ, "ಏನಿದು, ನಮ್ಮನೇಲಿ ಲ್ಯಾಬ್ ಓಪನ್ ಆಗಿದೆ?" ಎಂದ. ಸಂಧ್ಯಾ ಮಂಚದಿಂದಲೇ ವಿಷಯ ಹೇಳಿದಳು. ಶೈಲಜಮ್ಮ ಬಟ್ಟಲು ಎತ್ತಿದರು.

ಶೈಲಜಮ್ಮನ ಕಾರ್ಡಿನಲ್ಲಿ ಮೊದಲಿನಂತೆಯೇ ಒಂದು ಗೆರೆ. ಮುನಿರತ್ನಮ್ಮನ ಕಾರ್ಡಿನಲ್ಲಿ, 'ಟಿ' ಹತ್ತಿರ, ತೆಳ್ಳನೆಯ ಬೂದು ಗೆರೆಯೊಂದು ಮೂಡಿತ್ತು.

ಮುನಿಕೃಷ್ಣ ಎರಡನ್ನೂ ನೋಡಿ ತಾಯಿಯ ಕಡೆ ತಿರುಗಿದ. "ಏನಮ್ಮಾ, ನಂಗೆ ತಮ್ಮನೋ ತಂಗಿನೋ?"

"ನಿನ್ ಬಾಯಿಗೆ ಮಣ್ಣಾಕ!" ಮುನಿರತ್ನಮ್ಮ ಕೈಯಲ್ಲಿದ್ದ ಚೀಲದಿಂದ ಅವನ ಬೆನ್ನಿಗೆ ಹೊಡೆದರು. ಆರು ದಿನದಲ್ಲಿ ಮೊದಲ ಸಲ ಸಂಧ್ಯಾ ನಕ್ಕಳು. ನಗುತ್ತಿದ್ದವಳಿಗೆ ಅಳು ಬಂತು. ಯಾರೂ ಅವಳನ್ನು ತಡೆಯಲಿಲ್ಲ.

"ಎಲ್ಲಾ ಸಲಾನೂ ಹೀಗಾಗಲ್ಲ, ನನ್ನ ಕಾರ್ಡ್ ನೋಡಿ" ಎಂದರು ಶೈಲಜಮ್ಮ. "ಒಂದೊಂದು ಸಲ ಆಗುತ್ತೆ. ಅದಕ್ಕೇ ಮೋಸ ಹೋಗೋದು."

ಸಂಧ್ಯಾ ತಾನಾಗಿಯೇ ಮಂಚದಿಂದ ಇಳಿದು ಬಂದು ಅತ್ತೆಯ ಕಾರ್ಡನ್ನು ಕೈಗೆ ತೆಗೆದುಕೊಂಡಳು. "ಆಂಟಿ, ಹಾಗಾದ್ರೆ ಆ ಎರಡು?"

"ಆಗ ಏನಾಗಿತ್ತು ಅಂತ ಈಗ ಯಾರೂ ಖಚಿತವಾಗಿ ಹೇಳೋಕ್ಕಾಗಲ್ಲಮ್ಮ. ಗರ್ಭವೇ ಆಗಿರಲಿಲ್ಲ, ಮುಟ್ಟು ತಡವಾಗಿ ಬಂತು ಅನ್ನೋ ಸಾಧ್ಯತೆ ಹೆಚ್ಚು. ಒಂದು ವೇಳೆ ಆಗಿದ್ರೂ, ಅಷ್ಟು ಬೇಗ ಹೋಗೋ ಗರ್ಭ ಸಾಮಾನ್ಯವಾಗಿ ತನ್ನದೇ ಕಾರಣಕ್ಕೆ ಹೋಗುತ್ತೆ. ಸೊಪ್ಪಿನ ಮೂಟೆ ಎತ್ತಿದ್ದಕ್ಕಲ್ಲ."

ಮುನಿರತ್ನಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನಾಲ್ಕು ಲೋಟ ಕಾಫಿ ತಂದು ಮೊದಲನೆಯದನ್ನು ಸೊಸೆಗೆ ಕೊಟ್ಟರು. "ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ. ಆಟೋದವ್ನಿಗೆ ಮೆಲ್ಲಗೆ ಹೋಗು ಅಂದ್ರಾಯ್ತು."

ಸೋಮವಾರದ ರಕ್ತ ಪರೀಕ್ಷೆಯಲ್ಲಿ ಗರ್ಭವಿಲ್ಲವೆಂದು ಬಂತು. ಗುರುವಾರ ಸಂಧ್ಯಾಳಿಗೆ ಮುಟ್ಟಾಯಿತು. ಬೇಸರವಾಗದೆ ಇರಲಿಲ್ಲ. ಆದರೆ ಈ ಸಲ ಅದನ್ನು ಮನೆಯಲ್ಲಿ ಯಾರೂ "ಹೋಯ್ತು" ಎನ್ನಲಿಲ್ಲ.

ಮುಂದಿನ ವಾರ ಅತ್ತೆ, ಸೊಸೆ, ಮಗ ಮೂವರೂ ಹೆರಿಗೆ ಆಸ್ಪತ್ರೆಯ ಡಾಕ್ಟರ ಮುಂದೆ ಕೂತಿದ್ದರು. "ಮುಂಚೆ ಗರ್ಭ ಹೋಗಿದ್ಯಾ?" ಎಂದು ಡಾಕ್ಟರು ಕೇಳಿದರು. ಸಂಧ್ಯಾ ಅಭ್ಯಾಸದಂತೆ ತಲೆ ತಗ್ಗಿಸಿದಳು. ಅವಳು ಬಾಯಿ ತೆರೆಯುವ ಮುಂಚೆಯೇ ಮುನಿರತ್ನಮ್ಮ ಹೇಳಿದರು: "ಎರಡ್ ಸಲ ಹೋಯ್ತು ಅಂದ್ಕೊಂಡಿದ್ವಿ ಡಾಕ್ಟ್ರೇ. ಕಾರ್ಡು ಹೊತ್ತು ಮೀರಿ ನೋಡಿದ್ದು ನಾವು. ಬೈದಿದ್ದು ನಾನು. ಇವ್ಳದ್ದೇನೂ ತಪ್ಪಿಲ್ಲ. ಹಂಗೇ ಬರ್ಕೊಳ್ಳಿ."

ಡಾಕ್ಟರು ವಿವರ ಕೇಳಿ ತಿಳಿದುಕೊಂಡರು. "ಹಾಗಾದ್ರೆ ನಿಲ್ಲೋದು ತೊಂದರೆ ಅಂತ ಹೇಳೋಕ್ಕಾಗಲ್ಲ. ಗರ್ಭ ಆಗೋದೇ ತಡ ಆಗ್ತಿರಬಹುದು. ಮುಟ್ಟಿನ ಏರುಪೇರು ಮೊದಲು ನೋಡೋಣ. ಗಂಡ ಹೆಂಡತಿ ಇಬ್ಬರಿಗೂ ಪರೀಕ್ಷೆ ಆಗಬೇಕು."

"ನಂಗೂನಾ?" ಮುನಿಕೃಷ್ಣ ಅರ್ಧ ಎದ್ದ.

"ಕೂತ್ಕೊಳೋ," ಎಂದರು ಅವನ ತಾಯಿ. "ನಾನೇ ಮಾಡ್ಸ್ಕೊಂಡಿದೀನಿ, ನಿಂಗೇನು?"

ಸಂಧ್ಯಾಳಿಗೆ ಈಗ ಚಿಕಿತ್ಸೆ ನಡೆಯುತ್ತಿದೆ. ಮಗುವಾಗಲು ಇನ್ನೂ ಎಷ್ಟು ದಿನವೋ ಹೇಳಲಾಗದು. ಆದರೆ ಅವಳು ಅಂಗಡಿಗೆ ಬರುತ್ತಿದ್ದಾಳೆ. ತನ್ನ ಮೈಯ ಮೇಲೆ ಅವಳಿಗಿದ್ದ ಅನುಮಾನ ಹೋಗಿದೆ.

ಓದುತ್ತಿರುವ ಅಕ್ಕ, ತಂಗಿ, ತಾಯಂದಿರೇ, ಮನೆಯ ಗಂಡಸರೇ, ಮಗುವಿಗಾಗಿ ಕಾಯುವ ಮನೆಯಲ್ಲಿ ತೆಳ್ಳನೆಯ ಗೆರೆಯೂ ದಪ್ಪಗೆ ಕಾಣುತ್ತದೆ. ಆದ್ದರಿಂದ ಕಾರ್ಡು ಕೊಳ್ಳುವಾಗ ಅದರ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ಚೀಟಿ ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಿ. ಹನಿ ಹಾಕಿದ ಮೇಲೆ ಗಡಿಯಾರ ನೋಡಿ, ಚೀಟಿಯಲ್ಲಿ ಹೇಳಿದ ಹೊತ್ತಿಗೇ ಫಲಿತಾಂಶ ನೋಡಿ, ಆಮೇಲೆ ಕಾರ್ಡನ್ನು ಎಸೆದುಬಿಡಿ. ಇಬ್ಬರೂ ಕೂಡಿ ನೋಡಬೇಕೆಂಬ ಆಸೆಯಿದ್ದರೆ ಇಬ್ಬರೂ ಮನೆಯಲ್ಲಿರುವ ಬೆಳಗ್ಗೆಯೇ ಪರೀಕ್ಷೆ ಮಾಡಿ. ಮಂಡಿಗೆ, ಆಫೀಸಿಗೆ ಒಂದು ದಿನ ತಡವಾದರೆ ಏನೂ ಆಗದು. ಗರ್ಭಕ್ಕಾಗಿ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಕೆಲವು ಇಂಜೆಕ್ಷನ್‌ಗಳಲ್ಲಿರುವ ಹಾರ್ಮೋನೇ ಕೆಲವು ದಿನ ಗೆರೆ ಮೂಡಿಸಬಹುದು, ಯಾವಾಗ ಪರೀಕ್ಷಿಸಬೇಕೆಂದು ಡಾಕ್ಟರನ್ನೇ ಕೇಳಿ. ಒಂದೇ ಗೆರೆ ಬಂದೂ ಮುಟ್ಟಾಗದಿದ್ದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಎರಡು ಗೆರೆ ಬಂದರೆ ಡಾಕ್ಟರ ಹತ್ತಿರ ಹೋಗಿ ಖಚಿತ ಮಾಡಿಕೊಳ್ಳಿ. ಜೋರು ಹೊಟ್ಟೆನೋವು, ರಕ್ತಸ್ರಾವ ಇದ್ದರೆ ಕಾರ್ಡಿನಲ್ಲಿ ಏನೇ ಇರಲಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬ ಹೆಣ್ಣುಮಗಳನ್ನು "ಅವಳಿಗೆ ನಿಲ್ಲುವುದಿಲ್ಲ" ಎಂದು ದೂರಿದರೆ, ನೀವು ಒಂದೇ ಒಂದು ಪ್ರಶ್ನೆ ಕೇಳಿ: ಕಾರ್ಡನ್ನು ಎಷ್ಟು ಹೊತ್ತಿಗೆ ನೋಡಿದಿರಿ?