ಏಳು ಬೂತಿಗೆ ಒಂದೇ ಹಲಗೆ

ದೊಡ್ಡವರು ಮಾಡಿದ ಸುಧಾರಣೆಯ ಕಥೆಯನ್ನು ಅದನ್ನು ತಲೆಯ ಮೇಲೆ ಹೊತ್ತವರ ಕಡೆಯಿಂದ ಹೇಳುವುದು ಅಧಿಕಪ್ರಸಂಗವೇ ಸರಿ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

“ಏನೇ ಮುಂಡೇದೇ, ಹಲಗೆ ಹೊತ್ತಿದೀಯೋ ಹೆಣ ಹೊತ್ತಿದೀಯೋ? ಓಡು! ಸಾಹೇಬ್ರು ನಾಲ್ಕನೇ ಬೂತಲ್ಲಿ ಟೀ ಮುಗಿಸೋದ್ರೊಳಗೆ ಇದು ಐದರಲ್ಲಿ ಕೂತಿರ್ಬೇಕು!”

ಮತದಾನದ ದಿನ. ಮೇಲ್ವಿಚಾರಕ ಸ್ಕೂಟರಿನ ಮೇಲೆ ಕುಳಿತೇ ಬೈಯುತ್ತಿದ್ದ. ಕಸ ಗುಡಿಸುವವಳು ಮುಂದಿನ ತುದಿ, ಗೂನಜ್ಜ ಹಿಂದಿನ ತುದಿ ಹೊತ್ತು ಹಿತ್ತಿಲ ಓಣಿಯಲ್ಲಿ ಓಡುತ್ತಿದ್ದರು.

ಅವಳ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಎರಡೂ ಕಾಲು ಕಳೆದುಕೊಂಡವನು. ಹೋದ ಚುನಾವಣೆಯಲ್ಲಿ ಅವನನ್ನು ಇಬ್ಬರು ಮೂಟೆಯಂತೆ ಎತ್ತಿ ಮೆಟ್ಟಿಲು ಹತ್ತಿಸಿದ್ದರು. ಉಟ್ಟದ್ದು ಜಾರಿತು. ಸಾಲಿಗೆ ಸಾಲೇ ನಕ್ಕಿತು. ಮತ ಹಾಕದೆ ಹಿಂತಿರುಗಿದವನು ಮರುದಿನ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದ. ಅರ್ಜಿ ಚುನಾವಣೆಯ ದೊಡ್ಡ ಕಚೇರಿಗೆ ಮುಟ್ಟಿತು. ಸಭೆಗಳಾದವು, ಸಮಿತಿಯಾಯಿತು. ತಪಾಸಣೆಯ ಪಟ್ಟಿಗೆ ಹೊಸ ಕಾಲಂ ಸೇರಿತು: ಇಳಿಜಾರು ಹಲಗೆ ಇದೆಯೇ?

ಬಂದ ಹಲಗೆ ಮಾತ್ರ ಒಂದು. ಬೂತುಗಳು ಏಳು.

ಐದನೆಯ ಬೂತಿನ ಮೆಟ್ಟಿಲಿಗೆ ಹಲಗೆ ಒರಗಿಸಿದರು. ಅವಳು ಸೆರಗಿನಿಂದ ಅದರ ಮೇಲಿನ ನಾಲ್ಕನ್ನು ಒರೆಸಿ ಸೀಮೆಸುಣ್ಣದಲ್ಲಿ ಐದು ಬರೆದಳು. ಸಾಲಿನಲ್ಲಿ ಗಾಲಿಮಣೆಯ ಮೇಲೆ ಕೂತಿದ್ದ ಗಂಡ ಹಲ್ಲು ಕಿರಿದ. ಈ ಸಲ ಯಾರ ಕೈಯೂ ಬೇಡ, ನಾನೇ ಹತ್ತುತ್ತೇನೆಂದು ತಿಂಗಳಿಂದ ಜಪಿಸುತ್ತಿದ್ದವನು. “ಏನೇ, ನನ್ನ ಅರ್ಜಿ ಸಖತ್ ಭಾರ ಇದೆಯಾ?”

“ನಿನ್ನಷ್ಟೇ ಕಣಯ್ಯಾ.”

ಜೀಪು ಬಂತು. ದೊಡ್ಡ ಕಚೇರಿಯ ಸಾಹೇಬರು ಹಲಗೆಯನ್ನು ಬೂಟಿನಿಂದ ಎರಡು ಸಲ ತಟ್ಟಿದರು, ಪಟ್ಟಿಗೆ ಗುರುತು ಹಾಕಿದರು, ಟೀ ಕುಡಿಯಲು ಒಳಗೆ ಹೋದರು.

“ಎತ್ತು, ಎತ್ತು!” ಎಂದ ಮೇಲ್ವಿಚಾರಕ.

“ಸ್ವಾಮಿ, ಇನ್ನಿಬ್ರು ಆದ್ರೆ ನಮ್ಮೋನ ಸರದಿ.”

“ಆರನೇ ಬೂತಿಗೆ ನಿಮ್ಮಪ್ಪ ತಗೊಂಡ್ಹೋಗ್ತಾನಾ?”

“ಅಲ್ಲಿ ಕಾಲಿಲ್ಲದೋರು ಯಾರಿದಾರೆ?”

“ಒಬ್ನೂ ಇಲ್ಲ.”

“ಮತ್ತೆ?”

“ಕಾಲಂ ಇದೆಯಲ್ಲೇ! ಗಂಡನ್ನ ಬೆನ್ನಿಗೆ ಹಾಕ್ಕೊಂಡು ಹತ್ತು. ಹೊರೋದು ನಿಂಗೇನು ಹೊಸದಾ?”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗಂಡ ಉಟ್ಟದ್ದನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ತಲೆ ತಗ್ಗಿಸಿದ. ಹಲಗೆಗೆ ಬಾಗಿದ್ದವಳು ಅದನ್ನು ನೋಡಿದಳು. ನೆಟ್ಟಗೆ ನಿಂತು ಹಲಗೆಯ ಅಂಚನ್ನು ಪಾದದಿಂದ ಒತ್ತಿ ಹಿಡಿದಳು.

“ಹತ್ತಯ್ಯಾ.”

“ಏಯ್! ನಾಳೆಯಿಂದ ಪೊರಕೆ ಮುಟ್ಟಿದ್ರೆ ಕೈ ಮುರೀತೀನಿ!”

“ಅಜ್ಜಾ, ಆ ಕಡೆ ಹಿಡ್ಕೋ.”

“ನನ್ನ ಬೆನ್ನು ಮೊದಲೇ ಮುರಿದಿದೆ ಮಗಾ, ಇನ್ನೇನು ಮುರೀತಾನೆ ಇವ್ನು?” ಗೂನಜ್ಜ ಇನ್ನೊಂದು ಅಂಚಿನ ಮೇಲೆ ಕಾಲೂರಿದ.

ಗಾಲಿ ಕಿರುಗುಟ್ಟಿತು. ಅವನು ಅಂಗೈ ಊರಿ ಊರಿ ನಡುಹಲಗೆಗೆ ಬಂದಿದ್ದ. ಅಷ್ಟರಲ್ಲಿ ಸಾಹೇಬರು ಲೋಟ ಹಿಡಿದು ಬಾಗಿಲಿಗೆ ಬಂದು ನಿಂತರು.

“ಸರ್, ಇದು... ಪ್ರಾತ್ಯಕ್ಷಿಕೆ ಸರ್,” ಎಂದ ಮೇಲ್ವಿಚಾರಕ.

“ಬಹಳ ಸಂತೋಷ. ಮುಂದಿನ ಬೂತಿಗೆ ಹೋಗೋಣವೇ?”

“ಹೋಗಿ ಸ್ವಾಮಿ,” ಎಂದಳು ಅವಳು. “ಆದ್ರೆ ಅಲ್ಲಿ ಹಲಗೆ ಇರಲ್ಲ. ಬೆಳಗ್ಗೆಯಿಂದ ನೀವು ಜೀಪಲ್ಲಿ, ಅದು ನನ್ನ ತಲೆ ಮೇಲೆ.” ಸೆರಗು ಬಿಚ್ಚಿ ಹಿಡಿದಳು. “ನೋಡಿ, ಒಂದು, ಎರಡು, ಮೂರು, ನಾಲ್ಕು. ಎಲ್ಲಾ ಒರೆಸಿದ್ದು ಇದರಲ್ಲೇ.”

ಸೆರಗೆಲ್ಲ ಬಿಳಿಯಾಗಿತ್ತು. ಸಾಹೇಬರು ಅದನ್ನು ನೋಡಿದರು, ಪಟ್ಟಿಯನ್ನು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಅವರ ಪಕ್ಕದಿಂದಲೇ ಗಾಲಿಮಣೆ ಹೊಸ್ತಿಲು ದಾಟಿ ಒಳಗೆ ಉರುಳಿತು.

ಸಂಜೆ ಬಾಗಿಲು ಹಾಕುವವರೆಗೂ ಅವಳು ಹಲಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಸಾಹೇಬರು ಆಗ ಏನು ಬರೆದರೋ, ಆರನೆಯ ಬೂತಿನ ಕಾಲಮ್ಮಿನಲ್ಲಿ ಏನು ಗುರುತು ಬಿತ್ತೋ ಗೊತ್ತಿಲ್ಲ. ಅವಳನ್ನು ಮತ್ತೆ ಕೆಲಸಕ್ಕೆ ಕರೆದರೋ ಇಲ್ಲವೋ, ಅದೂ ಗೊತ್ತಿಲ್ಲ.